ನಕ್ಷೆಯಲ್ಲಿನ ಶಾಲೆಯ ಜಾಗಕ್ಕೂ ಅವಧಿ ಉಂಟು
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಕರ ನೇಮಕಾತಿ, ಪಠ್ಯಪುಸ್ತಕಗಳ ಬಗ್ಗೆ ನಾವು ಮೇಲಿಂದ ಮೇಲೆ ಮಾತನಾಡುತ್ತೇವೆ. ಇಂದು ನೆಲದ ಬಗ್ಗೆ ಎರಡು ಮಾತು ಹೇಳುತ್ತೇನೆ. ಮಕ್ಕಳು ಕೂಡಲು ಕೋಣೆ, ಆಡಲು ಬಯಲು ಇಲ್ಲದಿದ್ದರೆ ಭಾಷೆಯ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

1956ರಲ್ಲಿ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅಂದು ಒಂದು ನಕ್ಷೆ ನಮ್ಮನ್ನು ಗಡಿಯ ಈಚೆಗೆ ತಂದಿತು. ಇಂದು ನಾವು ಇನ್ನೊಂದು ನಕ್ಷೆಯನ್ನು ಓದಲು ಕಲಿಯಬೇಕಾಗಿದೆ. ಅದು ನಗರ ಪರಿಷತ್ತಿನ ವಿಕಾಸ ಯೋಜನೆ, ಮರಾಠಿಯಲ್ಲಿ ವಿಕಾಸ ಆರಾಖಡಾ.

ಆ ನಕ್ಷೆಯಲ್ಲಿ ಶಾಲೆಗೆ, ಆಟದ ಬಯಲಿಗೆ, ಉದ್ಯಾನಕ್ಕೆ ಎಂದು ಕೆಲವು ಜಾಗಗಳನ್ನು ಮೀಸಲಿಟ್ಟಿರುತ್ತಾರೆ. ಬಣ್ಣ ಬಳಿದ ಮಾತ್ರಕ್ಕೆ ಜಾಗ ಶಾಲೆಯದಾಗುವುದಿಲ್ಲ, ಅದನ್ನು ಸ್ವಾಧೀನಪಡಿಸಿಕೊಳ್ಳಬೇಕು. ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ, 1966ರ 127ನೆಯ ಕಲಮು ಇದಕ್ಕೆ ಗಡುವು ಹಾಕಿದೆ. ಅಂತಿಮ ಯೋಜನೆ ಜಾರಿಗೆ ಬಂದು 10 ವರ್ಷದೊಳಗೆ ಸ್ವಾಧೀನವಾಗದಿದ್ದರೆ, ಮಾಲೀಕನು ಹಕ್ಕಿನ ಕಾಗದಪತ್ರಗಳೊಂದಿಗೆ ನೋಟೀಸು ಕೊಡಬಹುದು. ಆ ಬಳಿಕದ ಅವಧಿ ಮೊದಲು 6 ತಿಂಗಳಿತ್ತು. 2015ರ ತಿದ್ದುಪಡಿಯ ನಂತರ 24 ತಿಂಗಳು. ಅಷ್ಟರಲ್ಲಿಯೂ ಸ್ವಾಧೀನವಾಗದೆ, ಅದಕ್ಕೆ ಕ್ರಮವೂ ಆರಂಭವಾಗದೆ ಹೋದರೆ ಮೀಸಲು ರದ್ದಾದಂತೆಯೇ.

ಲೆಕ್ಕ ಹಾಕಿ ನೋಡಿರಿ. 2010ರಲ್ಲಿ ಜಾರಿಗೆ ಬಂದ ಯೋಜನೆಗೆ 2020ರಲ್ಲಿ 10 ವರ್ಷ ತುಂಬಿತು. ಮಾಲೀಕನು 2021ರಲ್ಲಿ ನೋಟೀಸು ಕೊಟ್ಟು, ಕಚೇರಿ ಸುಮ್ಮನೆ ಕುಳಿತರೆ 2023ಕ್ಕೆ ಜಾಗ ಕೈಬಿಟ್ಟು ಹೋಯಿತು. ಅಲ್ಲಿ ಅಂಗಡಿ ಸಾಲು ಎದ್ದ ಮೇಲೆ ನಾವು ಮನವಿ ಹಿಡಿದು ಹೋದರೆ ಏನು ಫಲ?

ಈ ಕಾಯ್ದೆ ಅನ್ಯಾಯದ್ದೆಂದು ನಾನು ಹೇಳುವುದಿಲ್ಲ. ಆ ಮಾಲೀಕ ನಮ್ಮವನೇ ಒಬ್ಬ ರೈತನಿರಬಹುದು. ತನ್ನ ಹೊಲದಲ್ಲಿ ಮನೆ ಕಟ್ಟುವಂತಿಲ್ಲ, ಸರಿಯಾದ ಬೆಲೆಗೆ ಮಾರುವಂತಿಲ್ಲ, ಪರಿಹಾರವೂ ಇಲ್ಲ. ಅವನನ್ನು ಎಷ್ಟು ವರ್ಷ ಕಾಯಿಸುವುದು? ಬರಿಯ ಕಾಲಹರಣದ ಪತ್ರವ್ಯವಹಾರ ಸ್ವಾಧೀನದ ಕ್ರಮವಾಗದೆಂದು ಸುಪ್ರೀಂ ಕೋರ್ಟು 2007ರಲ್ಲಿ ಗಿರ್ನಾರ್ ಟ್ರೇಡರ್ಸ್ ಪ್ರಕರಣದಲ್ಲಿ ಹೇಳಿದೆ. 33 ವರ್ಷ ಬಳಸದೆ ಬಿಟ್ಟ ಜಾಗದ ಪ್ರಕರಣದಲ್ಲಿ, 2025ರಲ್ಲಿಯೂ ಮಾಲೀಕರ ಪರವಾಗಿಯೇ ತೀರ್ಪಾಯಿತು. ಆದ್ದರಿಂದ ನಮ್ಮ ಜಗಳ ಮಾಲೀಕನೊಡನೆ ಅಲ್ಲ. ಕಚೇರಿಯ ಮೌನದೊಡನೆ, ನಮ್ಮದೇ ಅಲಕ್ಷ್ಯದೊಡನೆ.

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದು, ನಿಮ್ಮ ಊರಿನ ವಿಕಾಸ ಯೋಜನೆಯಲ್ಲಿ ಶಾಲೆಗೆ ಮೀಸಲಾದ ಜಾಗ ಯಾವುದು, ಯೋಜನೆ ಜಾರಿಗೆ ಬಂದ ದಿನಾಂಕ ಯಾವುದು ಎಂದು ಬರೆದಿಟ್ಟುಕೊಳ್ಳಿರಿ. ಮೌಖಿಕವಾಗಿ ಕೇಳಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಕೊಡಿರಿ.

ಎರಡನೆಯದು, 10 ವರ್ಷ ತುಂಬುವ ಮೊದಲೇ ಕೇಳಿರಿ: ಹಣ ತೆಗೆದಿರಿಸಿದ್ದೀರಾ? ಸ್ವಾಧೀನದ ಪ್ರಸ್ತಾವ ಹೋಗಿದೆಯೆ? ಉಮರ್ಗಾದವರು ಧಾರಾಶಿವದ, ನಿಲಂಗಾ ಉದಗೀರದವರು ಲಾತೂರಿನ ಜಿಲ್ಲಾಧಿಕಾರಿಗಳಿಗೂ ಪ್ರತಿ ಕಳುಹಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ. ಮಾಲೀಕನು ಒಪ್ಪಿದರೆ ಒಪ್ಪಂದದಿಂದಲೂ ಜಾಗ ಪಡೆಯಲು 126ನೆಯ ಕಲಮಿನಲ್ಲಿ ದಾರಿ ಇದೆ.

ಮೂರನೆಯದು, ಯೋಜನೆಯ ಕರಡು ಪ್ರಕಟವಾದಾಗ ಸಲಹೆ, ಆಕ್ಷೇಪಣೆಗೆ 30 ದಿನ ಇರುತ್ತದೆ. ನಮ್ಮ ಕನ್ನಡ ಶಾಲೆಯ ಮಕ್ಕಳೆಷ್ಟು, ಕೋಣೆಗಳೆಷ್ಟು ಎಂಬುದು ಆ 30 ದಿನಗಳಲ್ಲಿ ಲಿಖಿತವಾಗಿ ಅಲ್ಲಿ ದಾಖಲಾಗಬೇಕು. ಶಾಲೆಗೆಂದು ಮೀಸಲಾದ ಜಾಗ ತಾನಾಗಿ ಕನ್ನಡ ಶಾಲೆಗೆ ಬರುವುದಿಲ್ಲ, ಕೇಳಿದವರಿಗೇ ಬರುತ್ತದೆ.

ಬಂಧುಗಳೆ, ಅರ್ಜಿಯನ್ನು ಮರಾಠಿಯಲ್ಲಿಯೇ ಬರೆಯಿರಿ. ಅದರಲ್ಲಿ ಸಂಕೋಚವೇನೂ ಬೇಡ. ಅಧಿಕಾರಿಗೆ ಅವನ ಭಾಷೆಯಲ್ಲಿ ಹೇಳಿ, ನಮ್ಮ ಮಕ್ಕಳಿಗೆ ನಮ್ಮ ಭಾಷೆಯನ್ನು ಉಳಿಸಿಕೊಳ್ಳೋಣ. ಮುಂದಿನ ಸಭೆಗೆ ಪ್ರತಿ ಊರಿನವರೂ ಆ ಒಂದು ದಿನಾಂಕವನ್ನು ಚೀಟಿಯಲ್ಲಿ ಬರೆದು ತನ್ನಿರಿ.