ಕೊಸರಿನ ಗುಬ್ಬಚ್ಚಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ದಿನದಂದು, ಸಹಭೋಜನದ ತರುವಾಯ ಮಾಡಿದ ಭಾಷಣ)



ಹಬ್ಬದ ಊಟ ಮುಗಿದು ಎಲೆ ಎತ್ತಿದ ಮೇಲೆ ಭಾಷಣಕ್ಕೆ ನಿಲ್ಲುವವರ ಪಾಡು ಯಾರಿಗೂ ಬೇಡ. ಕೇಳುವವರ ಕಿವಿ ತೆರೆದಿದ್ದರೂ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ‘ಮಾನವ ವ್ಯಕ್ತಿಯ ಮೌಲ್ಯ’ ಎಂಬ ಗಂಭೀರ ವಿಷಯವನ್ನು ನಮಗೆ ಒಪ್ಪಿಸಿದ ಸಮಿತಿಯವರು ಅದನ್ನು ಊಟಕ್ಕೆ ಮುಂಚೆಯೇ ಇರಿಸಿದ್ದರೆ ಲೇಸಾಗುತ್ತಿತ್ತು. ಇರಲಿ. ಊಟದ ರುಚಿ ಇನ್ನೂ ನಾಲಿಗೆಯ ಮೇಲಿರುವುದರಿಂದ, ನಾವು ಆ ಎಲೆಯಿಂದಲೇ ಮಾತನ್ನು ಆರಂಭಿಸೋಣ.

ಇಂದಿನ ಸಾರಿಗೆ ಖಾರ ಕೊಟ್ಟ ಮೆಣಸಿನಕಾಯಿ ನಮ್ಮ ನಾಡಿನದಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗನ್ನೇರಿ ಇಲ್ಲಿಗೆ ಬಂದುದು ಅದು. ಅದಕ್ಕೆ ಮೊದಲು ನಮ್ಮ ಪೂರ್ವಿಕರು ಖಾರಕ್ಕೆ ಕರಿಮೆಣಸನ್ನು ನೆಚ್ಚಿಕೊಂಡಿದ್ದರು. ಬಂದ ಅತಿಥಿ ಮನೆಯೊಡೆಯನ ಹೆಸರನ್ನೇ ಇಟ್ಟುಕೊಂಡು ‘ಮೆಣಸಿನಕಾಯಿ’ ಎನಿಸಿಕೊಂಡಿತು. ಕೊನೆಗೆ ಅಡುಗೆಮನೆಯ ಯಜಮಾನಿಕೆಯನ್ನೂ ವಹಿಸಿಕೊಂಡಿತು! ಪಾಯಸದಲ್ಲಿದ್ದ ಗೇರುಬೀಜವೂ ಬ್ರೆಜಿಲಿನಿಂದ ಅವರೇ ತಂದುದು. ಹೆಚ್ಚಿನ ಹಣ್ಣುಗಳು ಬೀಜವನ್ನು ಒಡಲೊಳಗೆ ಇಟ್ಟುಕೊಂಡರೆ, ಗೇರುಹಣ್ಣು ಅದನ್ನು ಹೊರಗೆ ತೂಗಹಾಕುತ್ತದೆ. ಸಸ್ಯಶಾಸ್ತ್ರಜ್ಞರ ಪ್ರಕಾರ ನಾವು ಹಣ್ಣೆನ್ನುವುದು ಬರಿಯ ಊದಿದ ತೊಟ್ಟು. ಕೆಳಗೆ ತೂಗುವ, ಕೈಸುಡುವ ಎಣ್ಣೆಯ ಸಿಪ್ಪೆ ಹೊತ್ತ ಕಾಯಿಯೇ ನಿಜವಾದ ಫಲ.

ಟೊಮೆಟೊ ಹಣ್ಣೋ ತರಕಾರಿಯೋ ಎಂಬ ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ತರಕಾರಿಗೆ ಆಮದು ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. 1893ರಲ್ಲಿ ನ್ಯಾಯಮೂರ್ತಿಗಳು, ಶಾಸ್ತ್ರದಂತೆ ಅದು ಹಣ್ಣಾದರೂ ಜನರು ಅದನ್ನು ಊಟದೊಡನೆ ತಿನ್ನುವುದರಿಂದ ಸುಂಕದ ಮಟ್ಟಿಗೆ ತರಕಾರಿಯೇ ಎಂದು ತೀರ್ಪಿತ್ತರು. ತೀರ್ಪಿನಿಂದ ಸುಂಕ ಇತ್ಯರ್ಥವಾಯಿತು. ಟೊಮೆಟೊ ಹೇಗಿತ್ತೋ ಹಾಗೆಯೇ ಉಳಿಯಿತು.

ಇನ್ನು ಬೆಲೆಯ ವಿನೋದ ಕೇಳಿ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅನಾನಸು ಎಷ್ಟು ದುಬಾರಿಯಾಗಿತ್ತೆಂದರೆ, ಕೊಳ್ಳಲಾರದವರು ಅದನ್ನು ಒಂದು ರಾತ್ರಿಯ ಔತಣಕ್ಕೆ ಬಾಡಿಗೆಗೆ ತಂದು ಮೇಜಿನ ನಡುವೆ ಇರಿಸುತ್ತಿದ್ದರಂತೆ. ಅತಿಥಿಗಳು ನೋಡಬೇಕು, ಮುಟ್ಟಬಾರದು! ಬಡ ಆಲೂಗೆಡ್ಡೆಯ ಪಾಡು ಇದಕ್ಕೆ ತೀರ ವಿರುದ್ಧ. ಕುಷ್ಠ ತರುತ್ತದೆಂಬ ಭಯದಿಂದ ಫ್ರಾನ್ಸಿನಲ್ಲಿ 1748ರಲ್ಲಿ ಅದರ ಬೇಸಾಯವನ್ನೇ ನಿಷೇಧಿಸಿದ್ದರು. ಯುದ್ಧಕೈದಿಯಾಗಿದ್ದಾಗ ಅದನ್ನೇ ತಿಂದು ಬದುಕಿದ್ದ ಪಾರ್ಮೆಂಟಿಯೇ ಎಂಬ ಔಷಧತಜ್ಞನು ಅದರ ಪರವಾಗಿ ವಾದಿಸಿದನು. 1772ರಲ್ಲಿ ಪ್ಯಾರಿಸ್ಸಿನ ವೈದ್ಯ ಪಂಡಿತರು ಅದು ತಿನ್ನಲು ಯೋಗ್ಯವೆಂದು ಒಪ್ಪಿದರು. ಆದರೂ ಜನ ಮುಟ್ಟಲೊಲ್ಲರು. ಆಗ ಅವನು ತನ್ನ ಹೊಲಕ್ಕೆ ಹಗಲು ಸಿಪಾಯಿಗಳ ಕಾವಲಿಟ್ಟು, ರಾತ್ರಿ ಕಾವಲು ತೆಗೆಸಿದನೆಂಬ ಕಥೆಯಿದೆ. ಇಷ್ಟು ಕಾಯುವ ವಸ್ತು ಅಮೂಲ್ಯವಾದುದೇ ಇರಬೇಕೆಂದು ಜನ ಕದ್ದೊಯ್ದು ಬೆಳೆದರಂತೆ. ಗೆಡ್ಡೆ ಮೊದಲಿನಂತೆಯೇ ಇತ್ತು. ಬದಲಾದುದು ನೋಡುವವರ ಕಣ್ಣು.

ಇಷ್ಟು ಹೊತ್ತು ನಕ್ಕೆವು. ಈಗ ಒಬ್ಬ ಬಾಲಕನನ್ನು ನೆನೆಯೋಣ.

ಇಂದು ಮಕ್ಕಳು ತಿಂದ ಐಸ್‌ಕ್ರೀಮಿನ ಪರಿಮಳಕ್ಕೆ ಹೆಸರು ಕೊಟ್ಟ ವೆನಿಲಾ ಮೆಕ್ಸಿಕೊದ ಬಳ್ಳಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಫ್ರೆಂಚರು ಅದನ್ನು ನೆಟ್ಟರು. ಬಳ್ಳಿ ಹಬ್ಬಿತು, ಹೂ ಬಿಟ್ಟಿತು. ಆದರೆ ಪರಾಗ ಮುಟ್ಟಿಸುವ ತವರಿನ ಜೇನುಗಳಿಲ್ಲದೆ ಕಾಯಿ ಕಟ್ಟಲಿಲ್ಲ. 1841ರಲ್ಲಿ ಆ ಹೂವಿನ ಗುಟ್ಟನ್ನು ಬಿಡಿಸಿದವನು ಎಡ್ಮಂಡ್ ಎಂಬ 12 ವರ್ಷದ ಗುಲಾಮ ಬಾಲಕ. ಹುಟ್ಟುವಾಗಲೇ ತಾಯಿಯನ್ನು ಕಳೆದುಕೊಂಡವನು. ಅವನಿಗೆ ಮನೆತನದ ಹೆಸರೂ ಇರಲಿಲ್ಲ. ಸಣ್ಣ ಕಡ್ಡಿಯಿಂದ ಹೂವಿನ ಒಳಪೊರೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತುವ ವಿಧಾನ ಅವನದು. ಅದರಿಂದ ತೋಟದ ಒಡೆಯರು ಶ್ರೀಮಂತರಾದರು. 1848ರಲ್ಲಿ ಗುಲಾಮಗಿರಿ ತೊಲಗಿದಾಗ ಅವನಿಗೆ ಆಲ್ಬಿಯಸ್ ಎಂಬ ಮನೆತನದ ಹೆಸರು ದೊರೆಯಿತು, ಹಣ ದೊರೆಯಲಿಲ್ಲ. 1880ರಲ್ಲಿ ಅವನು ಬಡತನದಲ್ಲಿಯೇ ತೀರಿಕೊಂಡನು.

ಇದೇ ಬಳ್ಳಿ ನಮ್ಮ ಮಲೆನಾಡು ಮತ್ತು ಕರಾವಳಿಯ ತೋಟಗಳಿಗೂ ಬಂದಿತು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ. ಹೂ ಅರಳುವುದು ಒಂದೇ ದಿನವಾದುದರಿಂದ ಬೆಳಗಾಗೆದ್ದು ಹೂವಿಗೆ ಕೈಹಚ್ಚುವ ಕೆಲಸ. ಕಳ್ಳರಿಗೆ ಹೆದರಿ ರಾತ್ರಿ ಕಾವಲು. ಒಂದೆರಡು ವರ್ಷಗಳಲ್ಲಿ ಬೆಲೆ ನೆಲಕಚ್ಚಿತು. ಎಷ್ಟೋ ಕಡೆ ಬಳ್ಳಿಯನ್ನು ನೋಡುವವರೇ ಇಲ್ಲವಾದರು. ಅದರ ಪರಿಮಳವೇನೂ ಕುಂದಿರಲಿಲ್ಲ. ಬೆಲೆ ಸಂತೆಯಲ್ಲಿ ಹುಟ್ಟಿ ಸಂತೆಯಲ್ಲಿಯೇ ಸಾಯುತ್ತದೆ. ಮೌಲ್ಯದ ಮೂಲ ಬೇರೆ.

ಆ ಮೂಲವೆಲ್ಲಿ? ಪ್ರಭು ಯೇಸು ಕೂಡ ಇದನ್ನು ಸಂತೆಯ ಉದಾಹರಣೆಯಿಂದಲೇ ಬೋಧಿಸಿದರು. ಆ ಕಾಲದಲ್ಲಿ ಗುಬ್ಬಚ್ಚಿ ಬಡವರ ಮಾಂಸಾಹಾರ. ಒಂದು ಕಾಸಿಗೆ ಎರಡು ಗುಬ್ಬಚ್ಚಿ ಎಂಬ ಲೆಕ್ಕ ಮತ್ತಾಯನ ಶುಭಸಂದೇಶದಲ್ಲಿದೆ. ಲೂಕನ ಶುಭಸಂದೇಶದಲ್ಲಿಯಾದರೋ ಎರಡು ಕಾಸಿಗೆ ಐದು! ಮಕ್ಕಳೇ, ಲೆಕ್ಕ ಹಾಕಿರಿ: ಎರಡು ಕಾಸಿಗೆ ನಾಲ್ಕು ಬರಬೇಕಲ್ಲವೇ? ಐದನೆಯದು ಎಲ್ಲಿಂದ ಬಂತು? ನಮ್ಮ ಸಂತೆಯ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಅದು ಕೊಸರು. ಅರ್ಧ ಕಾಸೂ ಬಾಳದ ಹಕ್ಕಿ. ಅಂತಹ ಒಂದನ್ನೂ ದೇವರು ಮರೆಯುವುದಿಲ್ಲ, ನೀವಾದರೋ ಗುಬ್ಬಚ್ಚಿಗಳಿಗಿಂತ ಎಷ್ಟೋ ಬೆಲೆಯುಳ್ಳವರು ಎಂದು ಪ್ರಭು ಅಭಯವಿತ್ತರು. ಕೊಸರಾಗಿ ಕೊಟ್ಟುದಕ್ಕೆ ಲೆಕ್ಕವಿಡುವ ವ್ಯಾಪಾರಿ ಲೋಕದಲ್ಲಿಲ್ಲ. ಲೆಕ್ಕವಿಡುವ ತಂದೆ ಪರಲೋಕದಲ್ಲಿದ್ದಾರೆ. ನಮ್ಮನ್ನು ಬೆಲೆ ಕೊಟ್ಟು ಕೊಳ್ಳಲಾಗಿದೆಯೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಆ ಬೆಲೆ ಶಿಲುಬೆಯ ಮೇಲೆ ಸಂದಿದೆ. ಯಾವ ಸಂತೆಯೂ ಅದನ್ನು ಇಳಿಸಲಾರದು.

ಸಹೋದರರೇ, ನಮ್ಮ ಮನೆಗಳಲ್ಲಿಯೂ ಕೊಸರಿನ ಗುಬ್ಬಚ್ಚಿಗಳಿಲ್ಲವೇ? ಜಗುಲಿಯ ಮೂಲೆಯಲ್ಲಿ ಕುಳಿತಿರುವ ಅಜ್ಜನೊಡನೆ ‘ಊಟವಾಯಿತೇ’ ಎಂಬುದರಾಚೆಗೆ ನಾವು ಯಾವ ಮಾತನ್ನಾಡಿದ್ದೇವೆ? ಪರೀಕ್ಷೆಯಲ್ಲಿ ಸೋತ ಹುಡುಗನನ್ನು ನೆಂಟರ ಮುಂದೆ ಬಚ್ಚಿಡುತ್ತೇವೆ. ಹೆಣ್ಣುಮಗಳ ಗುಣಕ್ಕೆ ಮೊದಲು ಅವಳ ಚಿನ್ನವನ್ನು ತೂಗುತ್ತೇವೆ. ಕೆಲಸಕ್ಕೆ ಬರುವಾಕೆಯ ಲೋಟವನ್ನು ಬೇರೆ ಇಡುತ್ತೇವೆ. ಹಾಗೆ ಮಾಡಿ ಬಂದು, ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುತ್ತೇವೆ!

ಈ ದೇವಾಲಯದ ಗೋಡೆಯ ಮೇಲಿನ ಕಲ್ಲಿನಲ್ಲಿ ದಾನಿಗಳ ಹೆಸರುಗಳಿವೆ. ಅವರಿಗೆ ನಮ್ಮ ಕೃತಜ್ಞತೆ ಸಲ್ಲುತ್ತದೆ. ಕಲ್ಲು ಹೊತ್ತವರ, ಗಾರೆ ಕಲಸಿದವರ ಹೆಸರುಗಳು ಅಲ್ಲಿಲ್ಲ. ಆದರೆ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಬಿಚ್ಚಿ ನೋಡಿರಿ. ತೋಟದ ಧಣಿಯ ಮಗುವಿಗೆ ಒಂದು ಸಾಲು. ಅವನ ಆಳಿನ ಮಗುವಿಗೂ ಒಂದೇ ಸಾಲು. ನೂರು ವರ್ಷಗಳಲ್ಲಿ ಈ ಧರ್ಮಕೇಂದ್ರ ಬರೆದ ಅತ್ಯಂತ ಸತ್ಯವಾದ ಗ್ರಂಥ ಅದೇ ಎಂದು ನಮ್ಮ ಭಾವನೆ.

ಕೊನೆಯದಾಗಿ ಒಂದು ಮಾತು. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಬೇಯಿಸಿ, ದಣಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದರು. ಸಾವನ್ನು ಗೆದ್ದವರಿಗೆ ಅಡುಗೆಯ ಕೆಲಸ ಕೀಳೆನಿಸಲಿಲ್ಲ. ನಮಗೆಲ್ಲ ಬಡಿಸಿದ ಸೋದರಿಯರೂ ಬೆಳಗಿನ ಜಾವದಿಂದ ಒಲೆಯ ಮುಂದಿದ್ದ ಅಡುಗೆಯವರೂ ಇನ್ನೂ ಊಟ ಮಾಡಿಲ್ಲವೆಂದು ಈಗ ತಾನೇ ತಿಳಿಯಿತು. ಮಾನವನ ಮೌಲ್ಯದ ಮೇಲೆ ಇನ್ನು ಭಾಷಣ ಬೇಡ. ಏಳಿರಿ, ಎಲೆ ಹಾಕೋಣ. ಈ ಪಂಕ್ತಿಗೆ ನಾವು ಬಡಿಸೋಣ.

ಪ್ರಭು ಯೇಸು ನಮ್ಮೆಲ್ಲರನ್ನು ಹರಸಲಿ.