ಒಂದೇ ವಿಳಾಸಕ್ಕೆ ಇಬ್ಬರು

ಮಾಗಡಿ ತಾಲ್ಲೂಕಿನ ಕಲ್ಯವೆಂದೊಡನೆ ಶಾಸನಾಭ್ಯಾಸಿಗಳಿಗೆ ನೆನಪಾಗುವುದು 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ್ದ ವ್ಯಾಜ್ಯವನ್ನು ಅರಸನು ತೀರಿಸಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಉಂಟೆಂದು ಸಾರಿದ ಶಾಸನವದು. ಶ್ರವಣಬೆಳಗೊಳದಲ್ಲಿಯೂ ಅದರ ಪ್ರತಿಯುಂಟು. ಅಲ್ಲಿ ಬರುವ ‘ಕಲ್ಲೆಹ’ವೇ ಇಂದಿನ ಕಲ್ಯ. ನಾನು ಈಗ ಹೇಳಹೊರಟಿರುವುದು ಅಷ್ಟು ದೊಡ್ಡ ವ್ಯಾಜ್ಯದ ಸಂಗತಿಯನ್ನಲ್ಲ. ಅದೇ ಊರಿನ ಒಂದು ಮನೆಯಲ್ಲಿ, ಅಣ್ಣತಮ್ಮಂದಿರ ನಡುವೆ, ಅವರಿಬ್ಬರೂ ಬಯಸದೆಯೇ ಹುಟ್ಟಿದ ಒಂದು ಮನಸ್ತಾಪದ ಸಂಗತಿ. ಅದರ ಮೂಲ ಇದ್ದದ್ದು ವಿಳಾಸದಲ್ಲಿ.

ಕಲ್ಯವೆಂಬ ಊರು ಮಾಗಡಿ ತಾಲ್ಲೂಕಿನಲ್ಲಿ ಒಂದಿದ್ದರೆ ಕಾರ್ಕಳ ತಾಲ್ಲೂಕಿನಲ್ಲಿ ಮತ್ತೊಂದಿದೆ. ತಾಲ್ಲೂಕುಗಳು ಬೇರೆಯಾದುದರಿಂದ ಅವೆರಡಕ್ಕೂ ತಕರಾರಿಲ್ಲ. 1972ರ ಆಗಸ್ಟ್ 15ರಂದು ಪಿನ್‌ಕೋಡು ಬಂದಮೇಲಂತೂ ಅಂಚೆಯವರಿಗೂ ಗೊಂದಲವಿಲ್ಲ. ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಿದ್ದರೆ ಮಾತ್ರ ಕಾಗದ ಯಾರ ಕೈಸೇರಬೇಕೆಂಬ ಪ್ರಶ್ನೆ ಏಳುತ್ತದೆ. ಮನೆಯ ವೈಫೈ ಕೂಡ ಇಂಥದೇ ಒಂದು ಬೀದಿ. ಅಲ್ಲಿ ಪ್ರತಿಯೊಂದು ಫೋನಿಗೂ ಕಂಪ್ಯೂಟರಿಗೂ ಐಪಿ ವಿಳಾಸವೆಂಬುದೊಂದಿರುತ್ತದೆ. ಚುಕ್ಕಿಯಿಟ್ಟು ಬೇರ್ಪಡಿಸಿದ ನಾಲ್ಕು ಸಂಖ್ಯೆಗಳು, ಒಂದೊಂದೂ 0ಯಿಂದ 255ರೊಳಗೆ. ಈ ಬಗೆಯಲ್ಲಿ ಆಗುವ ವಿಳಾಸಗಳು ಸುಮಾರು 430 ಕೋಟಿ. ಅವು ಲೋಕಕ್ಕೆಲ್ಲ ಸಾಲವು. ಆದಕಾರಣ 1996ರ ನಿಯಮವೊಂದು ಮನೆ, ಕಚೇರಿಗಳ ಒಳಬಳಕೆಗೆಂದು ಕೆಲವನ್ನು ಬಿಟ್ಟುಕೊಟ್ಟಿತು. 192.168 ಎಂದು ತೊಡಗುವವು ಆ ಗುಂಪಿನವು. ನಿಮ್ಮ ಮನೆಯಲ್ಲಿಯೂ ನಮ್ಮ ಮನೆಯಲ್ಲಿಯೂ 192.168.1.10 ಇರಬಹುದು. ಎರಡು ಕಲ್ಯಗಳಂತೆ ಅವು ಒಂದನ್ನೊಂದು ಅರಿಯವು. ಒಂದೇ ಸೂರಿನ ಕೆಳಗೆ ಎರಡಾದರೆ ಮಾತ್ರ ಕಷ್ಟ.

ಇನ್ನೊಂದು ಮಾತು. ಯಂತ್ರಕ್ಕೆ ಈ ವಿಳಾಸವಲ್ಲದೆ ತಯಾರಾಗುವಾಗಲೇ ಬಂದ ಗುರುತಿನ ಸಂಖ್ಯೆಯೂ ಉಂಟು. ಕಲ್ಯದ ನೆಲ ಕದಲಲಿಲ್ಲ. ಆದರೆ ಅದರ ಜಿಲ್ಲೆ 1986ರವರೆಗೆ ಬೆಂಗಳೂರು, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಹುಟ್ಟುಗುರುತು ನೆಲದಂತೆ, ಐಪಿ ವಿಳಾಸ ಜಿಲ್ಲೆಯ ಹೆಸರಿನಂತೆ. ಅದನ್ನು ಕೊಡುವುದು ರೂಟರ್ ಎಂಬ ಡಬ್ಬಿ. ಅದೂ ಶಾಶ್ವತವಾಗಿ ಅಲ್ಲ. ನಮ್ಮ ಹಿಂದಿನವರು ಹೊಲವನ್ನು ಗೇಣಿಗೆ ಕೊಡುತ್ತಿದ್ದಂತೆ, ಇಷ್ಟು ಹೊತ್ತಿಗೆಂದು.

ಆ ಮನೆಯಲ್ಲಿ ಒಲೆ ಎರಡು, ಸೂರು ಒಂದು. ಅಂತರ್ಜಾಲದ ಸಂಪರ್ಕ ಅಣ್ಣನ ಹೆಸರಿನಲ್ಲಿ, ಖರ್ಚು ಇಬ್ಬರದು. ಮಹಡಿಯ ಮೇಲೆ ವೈಫೈ ಕ್ಷೀಣವೆಂದು ತಮ್ಮನು ಇನ್ನೊಂದು ರೂಟರನ್ನು ತಂದು, ತಂತಿ ಎಳೆದು, ಕೆಳಗಿನದಕ್ಕೆ ಜೋಡಿಸಿದರು. ಅಂದಿನಿಂದ ವಿಚಿತ್ರ ಆರಂಭವಾಯಿತು. ಮೇಲೆ ಟೀವಿ ಎದ್ದರೆ ಕೆಳಗೆ ಅಣ್ಣನ ಹುಳುಮನೆಯ ಉಷ್ಣತೆಯನ್ನು ಫೋನಿಗೆ ತಿಳಿಸುವ ಪುಟ್ಟ ಯಂತ್ರ ಮೂಕವಾಗುವುದು. ಅದು ಮಾತಾಡಿದರೆ ಟೀವಿ ನಿಲ್ಲುವುದು. ರೇಷ್ಮೆಹುಳು ನಾಲ್ಕನೆಯ ಜ್ವರವೆದ್ದ ದಿನಗಳವು; ಶಾಖ ಹೆಚ್ಚುಕಡಿಮೆಯಾದರೆ ಬೆಳೆಯೇ ಹೋದೀತು. ಮಹಡಿಯವರು ಎಲ್ಲವನ್ನೂ ಎಳೆದುಕೊಳ್ಳುತ್ತಾರೆಂದು ಅಣ್ಣ. ಕೆಳಗಿನವರು ಬೇಕೆಂದೇ ಆರಿಸುತ್ತಾರೆಂದು ತಮ್ಮ. ಕಾಲುವೆಯ ನೀರಿನ ಪಾಳಿಗಾಗಿ ಜಗಳ ಕಂಡವರಿಗೆ ಈ ಅನುಮಾನದ ಧಾಟಿ ಹೊಸದಲ್ಲ. ಒಬ್ಬ ರಿಪೇರಿಯವನು ಬಂದು ಡಬ್ಬಿಗಳನ್ನು ಆರಿಸಿ ಹೊತ್ತಿಸಿ ಹೋದ. ಅರ್ಧ ದಿನ ನೆಟ್ಟಗಿತ್ತು. ಆರಿಸಿ ಹೊತ್ತಿಸುವ ಚಿಕಿತ್ಸೆಯ ಗುಣವೇ ಹೀಗೆ: ಗೇಣಿದಾರರಿಗೆಲ್ಲ ಹೊಸ ಚೀಟಿ ಸಿಕ್ಕಿ ರೋಗ ಕೆಲಕಾಲ ಅಡಗುತ್ತದೆ.

ಗುಟ್ಟು ಹಿಡಿದವಳು ಅಣ್ಣನ ಮಗಳು, ಡಿಪ್ಲೊಮಾ ಓದುತ್ತಿರುವ ಹುಡುಗಿ. ನಾನು ಅಲ್ಲಿಯೇ ಇದ್ದೆ. ಆಕೆ ಹುಳುಮನೆಯ ಯಂತ್ರವನ್ನು ಆರಿಸಿದಳು. ಅದನ್ನು ಹೂಡಿದವರು 192.168.1.10 ಎಂದು ಕೈಯಿಂದಲೇ ಬರೆದಿಟ್ಟಿದ್ದರು. ಆಮೇಲೆ ಕಂಪ್ಯೂಟರಿನಿಂದ ಆ ಸಂಖ್ಯೆಯನ್ನು ಕೂಗಿದಳು. ಪಿಂಗ್ ಎಂದು ಆ ಕೂಗಿಗೆ ಹೆಸರು. ಆರಿಸಿದ ಯಂತ್ರದ ವಿಳಾಸದಿಂದ ಬೇರೆ ಯಾರೋ ‘ಓ’ ಎಂದರು! ಆ ವಿಳಾಸದ ಹಿಂದಿರುವ ಹುಟ್ಟುಗುರುತನ್ನು ಕಂಪ್ಯೂಟರಿನ ಎಆರ್‌ಪಿ ಪಟ್ಟಿಯಲ್ಲಿ ನೋಡಿದರೆ ಅದು ಮಹಡಿಯ ಟೀವಿಯದು. “ಚಿಕ್ಕಪ್ಪ, ತಪ್ಪು ನಿಮ್ಮದೂ ಅಲ್ಲ, ಅಪ್ಪಂದೂ ಅಲ್ಲ. ಎರಡು ಡಬ್ಬಿಗಳೂ ವಿಳಾಸ ಹಂಚ್ತಾ ಇವೆ” ಎಂದಳು. ಒಂದೇ ಗ್ರಾಮಕ್ಕೆ ಇಬ್ಬರು ಶಾನುಭೋಗರು. ಒಬ್ಬರ ಲೆಕ್ಕದ ಪುಸ್ತಕ ಇನ್ನೊಬ್ಬರಿಗೆ ಕಾಣದು. ಸಾಲದೆಂದು ಇಬ್ಬರೂ ತಮ್ಮನ್ನು 192.168.1.1 ಎಂದೇ ಕರೆದುಕೊಳ್ಳುತ್ತಿದ್ದರು.

ಪರಿಹಾರಕ್ಕೆ ಕಾಲು ಗಂಟೆ ಹಿಡಿಯಿತು. ಎರಡು ಡಬ್ಬಿಗಳ ನಡುವಣ ತಂತಿಯನ್ನು ತೆಗೆದು, ಮೇಲಿನದರ ಸ್ವಂತ ವಿಳಾಸವನ್ನು 192.168.1.2 ಎಂದು ತಿದ್ದಿ, ವಿಳಾಸ ಹಂಚುವ ಅದರ ಅಧಿಕಾರವನ್ನು, ಎಂದರೆ ಡಿಎಚ್‌ಸಿಪಿಯನ್ನು, ನಿಲ್ಲಿಸಿದಳು. ಕೆಳಗಿನದು ಮಾತ್ರ 100ರಿಂದ 200ರವರೆಗೆ ಹಂಚಬೇಕೆಂದು ಗೊತ್ತುಮಾಡಿದಳು. ಆಮೇಲೆ ತಂತಿ ಸಿಕ್ಕಿಸಿ, ಟೀವಿಯನ್ನು ಆರಿಸಿ ಹೊತ್ತಿಸಿದಳು. ಹುಳುಮನೆಯ ಯಂತ್ರ ಹಂಚಿಕೆಯ ಮೇರೆಯ ಹೊರಗೆ, ತನ್ನ 10ರಲ್ಲಿಯೇ ಉಳಿಯಿತು. ಹೀಗೆ ಕೈಬರಹದ ವಿಳಾಸಕ್ಕಿಂತ, ಯಂತ್ರದ ಹುಟ್ಟುಗುರುತನ್ನು ರೂಟರಿಗೇ ತಿಳಿಸಿ ಇದಕ್ಕೆ ಇದೇ ಸಂಖ್ಯೆಯೆಂದು ಮೀಸಲಿರಿಸುವುದು ಉತ್ತಮ ಮಾರ್ಗವೆಂದು ನನಗೆ ತೋರುತ್ತದೆ. ಲೆಕ್ಕವೆಲ್ಲ ಒಂದೇ ಪುಸ್ತಕದಲ್ಲಿ ಉಳಿಯುತ್ತದೆ. ಕರೆಂಟು ಹೋಗಿ ಬಂದಾಗ ಕೆಲವು ರೂಟರುಗಳು ತಾವು ಯಾರಿಗೆ ಏನು ಕೊಟ್ಟಿದ್ದೆವೆಂಬುದನ್ನೇ ಮರೆಯುತ್ತವೆ. ಮೀಸಲು ಸಂಖ್ಯೆಗಳು ಆ ಮರೆವಿಗೆ ಒಳಗಾಗವು. ಹೊಸ ಫೋನುಗಳದು ಇನ್ನೊಂದು ಚಾಳಿ: ಗೋಪ್ಯತೆಗಾಗಿ ಒಂದೊಂದು ವೈಫೈಗೆ ಒಂದೊಂದು ಹುಟ್ಟುಗುರುತು ಹೇಳುತ್ತವೆ. ಅವಕ್ಕೆ ಮೀಸಲಿನ ಗೊಡವೆ ಬೇಡ.

ಅಣ್ಣತಮ್ಮಂದಿರು ಆ ಸಂಜೆ ಹೆಚ್ಚೇನೂ ಮಾತಾಡಲಿಲ್ಲ. ತಮ್ಮನು ಮಾತ್ರ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಯಾವ ಯಂತ್ರಕ್ಕೆ ಯಾವ ಸಂಖ್ಯೆಯೆಂದು ಬರೆದು, ಮಹಡಿ ಡಬ್ಬಿಯ ಗುಪ್ತಪದವನ್ನೂ ಸೇರಿಸಿ, ಕೆಳಗೆ ಬಂದು ಹುಳುಮನೆಯ ಬಾಗಿಲ ಹಿಂದೆ ಅಂಟಿಸಿ ಹೋದರು. ಮುಂದಿನ ವಾರ ಹುಳು ಹಣ್ಣಾದಾಗ ಅವನ್ನು ಆರಿಸಿ ಚಂದ್ರಿಕೆಗೆ ಬಿಡಲು ಮಹಡಿಯವರೆಲ್ಲ ಇಳಿದು ಬಂದಿದ್ದರು.