ವೇಗವನ್ನು ನಿರ್ಧರಿಸುವುದು ರಸ್ತೆಯ ವಿನ್ಯಾಸ
(ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸ)



ಅಪಘಾತವಾದೊಡನೆ ನಾವು ಚಾಲಕನನ್ನು ದೂರುತ್ತೇವೆ, ರಸ್ತೆಯನ್ನು ಪ್ರಶ್ನಿಸುವುದಿಲ್ಲ. ಆದರೆ ವಿನ್ಯಾಸವೂ ಜೀವ ಉಳಿಸಬಲ್ಲದೆಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಲ್ಲಿ ಗಾಳಿ, ಬೆಳಕು, ನೈರ್ಮಲ್ಯಕ್ಕೆಂದು ಅಗಲವಾದ ನೇರ ರಸ್ತೆಗಳನ್ನು ರೂಪಿಸಲಾಯಿತು. ಅಂದು ರೋಗಭಯಕ್ಕೆ ಮದ್ದಾದ ಆ ಅಗಲವೇ ಮೋಟಾರು ವಾಹನಗಳ ಕಾಲದಲ್ಲಿ ವೇಗಕ್ಕೆ ಆಹ್ವಾನವಾಯಿತು. ಇತ್ತೀಚೆಗೆ ಬಸವನಗುಡಿಯ ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ಮರುವಿನ್ಯಾಸಗೊಳಿಸಿ, ಪಾದಚಾರಿ ಮಾರ್ಗವನ್ನು ವಿಸ್ತರಿಸಲಾಗಿದೆ. ಕಾಲ ಬದಲಾದಂತೆ ರಸ್ತೆಯೂ ಬದಲಾಗಬೇಕೆಂಬುದೇ ಇದರ ಪಾಠ.

ನಮ್ಮ ಗ್ರಾಮಗಳಲ್ಲಿಯೂ ಇದೇ ಸ್ಥಿತಿ. ಗುಂಡಿಬಿದ್ದ ಮಣ್ಣಿನ ರಸ್ತೆ ಸಿ.ಸಿ. ರಸ್ತೆಯಾದೊಡನೆ ವೇಗ ಹೆಚ್ಚುತ್ತದೆ. ಮನೆಬಾಗಿಲು, ಅಂಗನವಾಡಿ, ಹಾಲಿನ ಡೇರಿ ಮಾತ್ರ ಇದ್ದಲ್ಲಿಯೇ ಇರುತ್ತವೆ. ವೇಗ ಗಂಟೆಗೆ 30 ಕಿ.ಮೀ.ಯಿಂದ 60 ಕಿ.ಮೀ.ಗೆ ಏರಿದರೆ ಡಿಕ್ಕಿಯ ಶಕ್ತಿಯೂ, ಬ್ರೇಕ್ ಹಾಕಿದ ನಂತರ ವಾಹನ ಸಾಗುವ ದೂರವೂ ನಾಲ್ಕು ಪಟ್ಟಾಗುತ್ತವೆ.

ಆದುದರಿಂದ ಕ್ರಿಯಾ ಯೋಜನೆಗೆ ಅನುಮೋದನೆ ನೀಡುವ ಮುನ್ನ ತಾವು ನಾಲ್ಕು ಅಂಶಗಳನ್ನು ಕೇಳಬೇಕೆಂದು ವಿನಂತಿಸುತ್ತೇನೆ:

1. ಗ್ರಾಮದ ರಸ್ತೆ ಮುಖ್ಯರಸ್ತೆಯನ್ನು ಸೇರುವಲ್ಲಿ ಎರಡೂ ಬದಿ ಸ್ಪಷ್ಟವಾಗಿ ಕಾಣುತ್ತದೆಯೇ? ಪೊದೆ, ಫಲಕ, ಗೂಡಂಗಡಿ ಅಡ್ಡವಾಗಿವೆಯೇ?

2. ಕಾಂಕ್ರೀಟಿನ ಅಂಚಿಗೂ ಪಕ್ಕದ ಮಣ್ಣಿಗೂ ನಡುವೆ ತಗ್ಗು ಉಳಿದಿದೆಯೇ? ದ್ವಿಚಕ್ರ ವಾಹನ ಜಾರುವುದು ಅಲ್ಲಿಯೇ.

3. ಚರಂಡಿಗೆ ಚಪ್ಪಡಿ ಹೊದಿಸಿ, ಮಕ್ಕಳು, ವೃದ್ಧರು ನಡೆಯಲು ಸ್ಥಳ ಕಲ್ಪಿಸಲಾಗಿದೆಯೇ?

4. ರಸ್ತೆ ಉಬ್ಬು ಪ್ರಮಾಣಬದ್ಧವಾಗಿದೆಯೇ? ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಸಾಮಾನ್ಯ ದುಂಡು ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಬಣ್ಣ, ಮುನ್ಸೂಚನಾ ಫಲಕಗಳಿಲ್ಲದ ದಿಢೀರ್ ದಿಬ್ಬ ತಾನೇ ಅಪಘಾತಕ್ಕೆ ಕಾರಣವಾಗುತ್ತದೆ.

ಇವುಗಳಲ್ಲಿ ಹೆಚ್ಚಿನವನ್ನು ಅಂದಾಜು ಪಟ್ಟಿಯ ಹಂತದಲ್ಲಿಯೇ ಸೇರಿಸಿದರೆ ವೆಚ್ಚ ಅಲ್ಪ. ಕಾಮಗಾರಿ ಮುಗಿದ ಮೇಲೆ ಒಡೆದು ಕಟ್ಟುವುದು ದುಬಾರಿ.

ಕಾನೂನೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಲಾದ 198ಎ ಪ್ರಕರಣದ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದಲ್ಲಿ, ಹೊಣೆಗಾರರಾದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ದಂಡದ ಭಯಕ್ಕಿಂತ ಮಿಗಿಲಾದುದು ನಮ್ಮೂರಿನ ಜೀವ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ಕಿರಿಯ ಅಭಿಯಂತರರೊಡನೆ ತಮ್ಮ ವಾರ್ಡಿನ ರಸ್ತೆಗಳಲ್ಲಿ ಒಮ್ಮೆ ಕಾಲ್ನಡಿಗೆಯಲ್ಲಿ ಸಂಚರಿಸಿ, ಅಪಾಯದ ತಾಣಗಳ ಪಟ್ಟಿಯನ್ನು ಸಭೆಯ ಮುಂದೆ ಮಂಡಿಸಬೇಕೆಂದು ಕೋರುತ್ತೇನೆ.